ತಾರೀಕು ಹಾಕಿದ ಒಂದು ಕಾಗದ

ಕಳೆದ ದೀಪಾವಳಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಫ್ರೀಮಾಂಟಿನ ತಾಯಿಯೊಬ್ಬರು ನನ್ನ ಮುಂದೆ ನಿಂತಿದ್ದರು. ಎರಡೂವರೆ ವರ್ಷದ ಮಗ ಇನ್ನೂ "ಅಮ್ಮ" ಎಂದಿಲ್ಲ, ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ ಎಂದು ಅವರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಾಗ, ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, "ಅಯ್ಯೋ, ಅದಕ್ಯಾಕಮ್ಮ ಚಿಂತೆ, ನಮ್ಮ ಮೈದುನ ಬಾಯಿ ಬಿಟ್ಟಿದ್ದೇ ಐದು ವರ್ಷಕ್ಕೆ, ಈಗ ವಕೀಲ" ಎಂದರು. ಎಲ್ಲರೂ ನಕ್ಕರು, ಆ ತಾಯಿಯೂ ನಕ್ಕರು. ಅಜ್ಜಿಯ ಮಾತಿನಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ. ಆದರೆ ಆ ಮಗುವಿಗೆ ಮೂರು ತುಂಬಲು ಉಳಿದಿದ್ದದ್ದು ಆರೇ ತಿಂಗಳು, ಮತ್ತು ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮೂರು ತುಂಬುವ ಮುನ್ನಿನ ಪ್ರತಿ ತಿಂಗಳಿಗೂ ಬೆಲೆಯಿದೆ ಎಂಬುದನ್ನು ಆ ಸಾಲಿನಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ಬೆಳವಣಿಗೆಯ ತೊಂದರೆಗಳಿರುವವರಿಗೆ ಸೇವೆ ಒದಗಿಸುವುದು ಸರ್ಕಾರದ ಹೊಣೆ ಎಂದು ಕ್ಯಾಲಿಫೋರ್ನಿಯಾ 1969ರಲ್ಲೇ ಲ್ಯಾಂಟರ್‌ಮನ್ ಕಾಯಿದೆಯ ಮೂಲಕ ಒಪ್ಪಿಕೊಂಡಿತು. ಆ ಕೆಲಸವನ್ನು ರಾಜ್ಯದ 21 ರೀಜನಲ್ ಸೆಂಟರ್‌ಗಳು ನೋಡಿಕೊಳ್ಳುತ್ತವೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿರುವವರಿಗೆ ಸಾನ್ ಆಂಡ್ರಿಯಾಸ್, ಅಲಮೀಡಾ ಮತ್ತು ಕಾಂಟ್ರಾ ಕೋಸ್ಟಾದವರಿಗೆ ಈಸ್ಟ್ ಬೇ, ಸಾನ್ ಫ್ರಾನ್ಸಿಸ್ಕೋ, ಸಾನ್ ಮಟೇಯೋ ಮತ್ತು ಮರಿನ್‌ನವರಿಗೆ ಗೋಲ್ಡನ್ ಗೇಟ್. ಮೂರು ವರ್ಷದೊಳಗಿನ ಮಕ್ಕಳಿಗಾಗಿ ಇರುವ ಅರ್ಲಿ ಸ್ಟಾರ್ಟ್ ಕಾರ್ಯಕ್ರಮಕ್ಕೆ ವೈದ್ಯರ ಚೀಟಿಯೂ ಬೇಕಿಲ್ಲ; ತಾಯಿತಂದೆಯರೇ ಕರೆ ಮಾಡಿ "ನಮಗೆ ಅನುಮಾನವಿದೆ, ಮಗುವನ್ನು ಪರೀಕ್ಷಿಸಿ" ಎಂದರೆ ಸಾಕು. ಅಂದಿನಿಂದ 45 ದಿನಗಳೊಳಗೆ ಖರ್ಚಿಲ್ಲದೆ ಪರೀಕ್ಷೆ ಮುಗಿಸಿ, ಮಗು ಅರ್ಹವೆಂದು ಕಂಡುಬಂದರೆ ಕುಟುಂಬದೊಂದಿಗೆ ಕೂತು ಯೋಜನೆ ಬರೆಯಬೇಕೆಂಬುದು ನಿಯಮ. ಪರೀಕ್ಷಿಸಿದವರು "ಏನೂ ತೊಂದರೆಯಿಲ್ಲ" ಎಂದರೆ ಅಜ್ಜಿಯ ಮಾತೇ ನಿಜವಾಯಿತೆಂದು ಎಲ್ಲರೂ ಸಂತೋಷಪಡಬಹುದು, ನಷ್ಟವಂತೂ ಇಲ್ಲ.

ಮೂರು ತುಂಬಿದ ದಿನ ಮಗು ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯ ಹೊಣೆಗೆ ದಾಟುತ್ತದೆ, ನಮ್ಮವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ನಾನೂ ಎಡವಿದವನೇ. ಮಗಳು ಒಂದನೆಯ ತರಗತಿಯಲ್ಲಿದ್ದಾಗ ಸೆಪ್ಟೆಂಬರಿನಿಂದ ಜನವರಿಯವರೆಗೆ, ಶಾಲೆಯ ಗೇಟಿನ ಬಳಿ, ಪೇರೆಂಟ್ ಮೀಟಿಂಗಿನಲ್ಲಿ, ಒಮ್ಮೆ ಪಾರ್ಕಿಂಗ್ ಜಾಗದಲ್ಲಿಯೂ ನಿಂತು, ಅವಳನ್ನು ಪರೀಕ್ಷಿಸಬೇಕೆಂದು ಕೇಳುತ್ತಲೇ ಬಂದೆ. ಪ್ರತಿ ಸಲವೂ "ಇನ್ನು ಸ್ವಲ್ಪ ದಿನ ನೋಡೋಣ" ಎಂಬ ನಗುಮೊಗದ ಉತ್ತರ ಸಿಕ್ಕಿತು, ನಾನೂ ಧನ್ಯವಾದ ಹೇಳಿ ಬಂದೆ. ಕೊನೆಗೆ ಇದೇ ಹಾದಿ ನಡೆದಿದ್ದ ತಮಿಳು ತಾಯಿಯೊಬ್ಬರು, "ನೀವು ಕಾಗದ ಕೊಟ್ಟಿದ್ದೀರಾ?" ಎಂದು ಕೇಳಿದರು. ಕೊಟ್ಟಿರಲಿಲ್ಲ. ಆ ರಾತ್ರಿ ಊಟದ ಮೇಜಿನ ಮೇಲೆ ಅನ್ನದ ಪಾತ್ರೆಯನ್ನು ಅತ್ತ ಸರಿಸಿ ನಾಲ್ಕು ಸಾಲು ಬರೆದೆ: ಮಗಳ ಹೆಸರು, ತರಗತಿ, ನಮಗೆ ಕಂಡ ತೊಂದರೆಗಳು, ವಿಶೇಷ ಶಿಕ್ಷಣಕ್ಕಾಗಿ ಎಲ್ಲ ವಿಭಾಗಗಳಲ್ಲೂ ಪರೀಕ್ಷಿಸಬೇಕೆಂಬ ಕೋರಿಕೆ. ಮೇಲೆ ತಾರೀಕು, ಕೆಳಗೆ ಸಹಿ. ಬೆಳಿಗ್ಗೆ ಎರಡು ಪ್ರತಿಗಳನ್ನು ಶಾಲೆಯ ಆಫೀಸಿಗೆ ಒಯ್ದು, ಒಂದನ್ನು ಕೊಟ್ಟು, ನನ್ನ ಪ್ರತಿಯ ಮೇಲೆ "ಸ್ವೀಕರಿಸಿದೆ" ಎಂಬ ಮುದ್ರೆ ಒತ್ತಿಸಿಕೊಂಡೆ. ಐದು ತಿಂಗಳ ಮಾತಿಗೆ ಅಲುಗದಿದ್ದದ್ದು ಹನ್ನೆರಡನೆಯ ದಿನ ಅಲುಗಿತು. ಪರೀಕ್ಷಾ ಯೋಜನೆಯ ಹಾಳೆಗಳು ಮನೆಗೆ ಬಂದವು.

ಇದರಲ್ಲಿ ಪವಾಡವೇನೂ ಇಲ್ಲ. ಲಿಖಿತ ಕೋರಿಕೆ ತಲುಪಿದ 15 ದಿನಗಳಲ್ಲಿ ಪರೀಕ್ಷಾ ಯೋಜನೆ ಕೊಡಬೇಕು, ಅದಕ್ಕೆ ನಾವು ಒಪ್ಪಿ ಸಹಿ ಹಾಕಿದ 60 ದಿನಗಳಲ್ಲಿ ಪರೀಕ್ಷೆ ಮುಗಿಸಿ ಐಇಪಿ, ಅಂದರೆ ಆ ಮಗುವಿಗೆಂದೇ ಬರೆಯುವ ಶಿಕ್ಷಣ ಯೋಜನೆಯ, ಸಭೆ ಕರೆಯಬೇಕು ಎಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ಉದ್ದದ ಶಾಲಾ ರಜೆಗಳನ್ನು ಇದರಲ್ಲಿ ಎಣಿಸುವುದಿಲ್ಲ. ಕಾಗದವಿಲ್ಲದಿದ್ದರೆ ದಿನ ಎಣಿಸಲು ಆಧಾರವೇ ಇರುವುದಿಲ್ಲ. ಬಾಯಿಮಾತಿಗೆ ಮರ್ಯಾದೆ ಕೊಡುವ ಊರುಗಳಿಂದ ಬಂದ ನಮಗೆ, ದಿನವೂ ನಗುತ್ತಾ ಮಾತಾಡಿಸುವ ಟೀಚರ್‌ಗೆ ಅರ್ಜಿ ಕೊಡುವುದೆಂದರೆ ಅವರನ್ನು ನಂಬದಂತಾಯಿತೇನೋ ಎಂಬ ಸಂಕೋಚವಾಗುತ್ತದೆ. ಅಸಲಿಗೆ ಆ ಕಾಗದ ಸಿಕ್ಕರೆ ಟೀಚರ್‌ಗೂ ತಮ್ಮ ಮೇಲಿನವರನ್ನು ಕೇಳಲು ಅನುಕೂಲವೇ ಆಗುತ್ತದೆ.

ಐಇಪಿ ಸಭೆಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಮೇಜಿನ ಆ ಬದಿ ಆರೇಳು ಜನ, ಈ ಬದಿ ಗಂಡ ಹೆಂಡತಿ ಇಬ್ಬರೇ. ಮೇಷ್ಟ್ರಿಗೆ ಎದುರು ಮಾತಾಡಬಾರದೆಂದು ಕಲಿತು ಬೆಳೆದವರು ಅಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿ, ಕೊನೆಯ ಪುಟದಲ್ಲಿ ಸಹಿ ಹಾಕಿ ಎದ್ದು ಬರುತ್ತಾರೆ. ಅಲ್ಲಿಯೇ ಸಹಿ ಹಾಕಬೇಕೆಂದೇನೂ ಇಲ್ಲ. ದಾಖಲೆಯನ್ನು ಮನೆಗೆ ತಂದು ಓದಬಹುದು, ಒಪ್ಪಿಗೆಯಾದ ಭಾಗಕ್ಕೆ ಮಾತ್ರ ಸಹಿ ಹಾಕಬಹುದು, 24 ಗಂಟೆ ಮುಂಚೆ ತಿಳಿಸಿದರೆ ಸಭೆಯ ಮಾತನ್ನು ಧ್ವನಿಮುದ್ರಣ ಮಾಡಿಕೊಳ್ಳಬಹುದು, ಸ್ನೇಹಿತರನ್ನು ಜೊತೆಗೆ ಕರೆದೊಯ್ಯಬಹುದು. ಇಂಗ್ಲಿಷ್ ಕಷ್ಟವಾಗುವವರಿಗೆ ಕನ್ನಡ ದುಭಾಷಿಯನ್ನು ಒದಗಿಸುವ ಹೊಣೆ ಶಾಲಾ ಜಿಲ್ಲೆಯದೇ. ಯೋಜನೆಯಲ್ಲಿ "ಸ್ಪೀಚ್ ಥೆರಪಿ ಕೊಡಲಾಗುವುದು" ಎಂದಷ್ಟೇ ಇದ್ದರೆ, ವಾರಕ್ಕೆ ಎಷ್ಟು ಸಲ, ಸಲಕ್ಕೆ ಎಷ್ಟು ನಿಮಿಷ, ಒಬ್ಬಳಿಗೋ ಗುಂಪಿಗೋ ಎಂದು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಕನ್ನಡದ ಪತ್ರಿಕೆಯಾದ್ದರಿಂದ ಈ ಮಾತನ್ನೂ ಸೇರಿಸುತ್ತೇನೆ. ಮಾತು ತಡವಾದ ಮಗುವಿಗೆ "ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ" ಎಂಬ ಸಲಹೆ ಈಗಲೂ ಕೆಲವರಿಂದ ಬರುತ್ತದೆ. ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಎರಡು ಭಾಷೆಗಳಿಂದ ಹಾನಿಯಾಗುತ್ತದೆಂದು ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿ ತುತ್ತಿಡುತ್ತಾ ಆಡುವ ಭಾಷೆಯನ್ನು ಮಗುವಿನಿಂದ ಕಿತ್ತುಕೊಂಡರೆ ಆ ಮನೆಯಲ್ಲಿ ಅದರೊಂದಿಗೆ ಮಾತಾಡುವವರೇ ಕಡಿಮೆಯಾಗುತ್ತಾರೆ, ಅಷ್ಟೆ.

"ನಮ್ಮ ಸಂಬಳ ನೋಡಿದರೆ ಯಾರು ಕೊಡುತ್ತಾರೆ" ಎಂದು ಸುಮ್ಮನಾಗುವವರಿದ್ದಾರೆ, "ಗ್ರೀನ್ ಕಾರ್ಡ್ ಬರುವವರೆಗೆ ಬೇಡ" ಎನ್ನುವವರೂ ಇದ್ದಾರೆ. ರೀಜನಲ್ ಸೆಂಟರಿನ ಅರ್ಹತೆಗೆ ಆದಾಯದ ಮಿತಿಯಿಲ್ಲ, ವಲಸೆಯ ಸ್ಥಿತಿಯನ್ನೂ ನೋಡುವುದಿಲ್ಲ. ವಿಶೇಷ ಶಿಕ್ಷಣವೂ ಹಾಗೆಯೇ. ಅರ್ಹ ಮಕ್ಕಳಿಗೆ ತಂದೆತಾಯಿಯ ಆದಾಯವನ್ನು ಲೆಕ್ಕಕ್ಕೆ ಹಿಡಿಯದೆ ಮೆಡಿ-ಕ್ಯಾಲ್ ಎಂಬ ಸರ್ಕಾರಿ ಆರೋಗ್ಯ ವಿಮೆ ಕೊಡುವ ವಿನಾಯಿತಿಯೂ ಇದೆ, ಅದು ಸಿಕ್ಕರೆ ಮನೆಯಲ್ಲಿ ಆರೈಕೆಗೆ ನೆರವಾಗುವ ಐಎಚ್‌ಎಸ್‌ಎಸ್‌ಗೆ ಅರ್ಜಿ ಹಾಕಬಹುದು. ಅಂಗವೈಕಲ್ಯವಿರುವವರಿಗೆ ಸಿಗುವ ಎಸ್‌ಎಸ್‌ಐನಂಥ ನಗದು ನೆರವಿನ ನಿಯಮಗಳು ಮಾತ್ರ ಬೇರೆ. ವೀಸಾದಲ್ಲಿರುವವರು ಅದಕ್ಕೆ ಕೈಹಾಕುವ ಮುನ್ನ ವಲಸೆ ವಕೀಲರನ್ನು ಕೇಳಲೇಬೇಕು.

ಮಕ್ಕಳ ಬಗ್ಗೆ ಇಷ್ಟಾದರೂ ಮಾತಾಡುತ್ತೇವೆ, ದೊಡ್ಡವರಾದ ಮೇಲೆ ಅವರು ನಮ್ಮ ಮಾತಿನಿಂದಲೇ ಕಾಣೆಯಾಗುತ್ತಾರೆ. ಶಾಲೆಯ ಹೊಣೆ 22 ವರ್ಷಕ್ಕೆ ಮುಗಿಯುತ್ತದೆ, ಮನೆ ಬಾಗಿಲಿಗೆ ಬರುತ್ತಿದ್ದ ಬಸ್ಸು ಒಂದು ದಿನ ಬರುವುದಿಲ್ಲ. ಆಮೇಲಿನ ಹಗಲಿನ ಕಾರ್ಯಕ್ರಮ, ಉದ್ಯೋಗಕ್ಕೆ ನೆರವು, ಸ್ವತಂತ್ರ ವಾಸಕ್ಕೆ ನೆರವು, ಎಲ್ಲಕ್ಕೂ ಮತ್ತೆ ರೀಜನಲ್ ಸೆಂಟರೇ ಬಾಗಿಲು. ಆದರೆ ತೊಂದರೆ 18 ವರ್ಷಕ್ಕೆ ಮುನ್ನವೇ ಶುರುವಾಗಿತ್ತೆಂದು ತೋರಿಸಬೇಕು. ಊರಿನಿಂದ ವಯಸ್ಕ ಮಗನನ್ನೋ ತಂಗಿಯನ್ನೋ ಕರೆತಂದವರು ಇಲ್ಲಿ ಪರದಾಡುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ನಿಮ್ಹಾನ್ಸ್‌ನಲ್ಲೋ ಇಪ್ಪತ್ತು ವರ್ಷದ ಹಿಂದೆ ಕೊಟ್ಟ, ಅಟ್ಟದ ಟ್ರಂಕಿನಲ್ಲಿ ಹಳದಿಗಟ್ಟಿ ಕೂತಿರುವ ವರದಿಯೇ ಆಗ ಅತ್ಯಂತ ಬೆಲೆಯುಳ್ಳ ಸಾಕ್ಷಿ. ಮುಂದಿನ ಸಲ ಊರಿಗೆ ಹೋದಾಗ ಚಟ್ನಿಪುಡಿಯ ಜೊತೆಗೆ ಅದನ್ನೂ ತನ್ನಿ.

ಊರಿನ ಆಸ್ತಿಯ ಬಗ್ಗೆಯೂ ಎಚ್ಚರ ಬೇಕು. ಎಸ್‌ಎಸ್‌ಐ ಪಡೆಯುವವರ ಹೆಸರಿನಲ್ಲಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ದಾಟುವಂತಿಲ್ಲ. ಮೊಮ್ಮಗನಿಗೆ ದಿಕ್ಕಾಗಲಿ ಎಂದು ಅಜ್ಜಿ ಪ್ರೀತಿಯಿಂದ ಅವನ ಹೆಸರಿಗೇ ಹಾಸನದ ಸೈಟು ಬರೆದಿಟ್ಟರೆ ಅದೇ ಅವನಿಗೆ ತೊಡಕಾಗಬಹುದು. ಅದಕ್ಕೆಂದೇ, ಆಸ್ತಿಯನ್ನು ಅವನ ಪರವಾಗಿ ಬೇರೊಬ್ಬರು ನೋಡಿಕೊಳ್ಳುವ ಸ್ಪೆಷಲ್ ನೀಡ್ಸ್ ಟ್ರಸ್ಟ್ ಇದೆ, ಉಳಿತಾಯಕ್ಕೆ ಕ್ಯಾಲ್‌ಏಬಲ್ ಖಾತೆಯಿದೆ. 26 ವರ್ಷಕ್ಕೆ ಮುನ್ನ ತೊಂದರೆ ಶುರುವಾದವರಿಗೆ ಮಾತ್ರ ಇದ್ದ ಆ ಖಾತೆಯ ವಯಸ್ಸಿನ ಮಿತಿ 2026ರ ಜನವರಿಯಿಂದ 46ಕ್ಕೆ ಏರಿದೆ.

ಯಾರನ್ನು ಕೇಳುವುದು ಎಂಬ ಪ್ರಶ್ನೆಗೆ ಸಾನ್ ಹೋಸೆಯ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಸಂಸ್ಥೆ ಒಳ್ಳೆಯ ಮೊದಲ ಮೆಟ್ಟಿಲು. ದಕ್ಷಿಣ ಏಷ್ಯಾದ ಕುಟುಂಬಗಳೇ ಸೇರಿ ನಡೆಸುವ ಜೀನಾ ಕೂಡ ಇಲ್ಲಿಯೇ ಇದೆ. ನಮ್ಮ ಸಂಘದಲ್ಲಿಯೂ ಈ ಹಾದಿ ಸವೆಸಿದ ಕೆಲವು ಮನೆಗಳಿವೆ. ಐಇಪಿ ಸಭೆಗೆ ಹೊಸಬರ ಜೊತೆ ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳಲು ಒಪ್ಪುವವರು ಸಂಪಾದಕ ಮಂಡಳಿಗೆ ತಿಳಿಸಬೇಕೆಂದು ಕೋರುತ್ತೇನೆ. ಹೆಸರುಗಳನ್ನು ಅಚ್ಚು ಮಾಡುವುದಿಲ್ಲ, ಕೇಳಿದವರಿಗೆ ಮಾತ್ರ ಕೊಡುತ್ತೇವೆ.

ನಾನು ಅಂದು ಬರೆದ ನಾಲ್ಕು ಸಾಲಿನ ಕಾಗದವನ್ನು ಈ ಸಂಚಿಕೆಯ ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿಯೂ ಪಕ್ಕದಲ್ಲಿ ಕನ್ನಡದ ಅರ್ಥದೊಂದಿಗೂ ಅಚ್ಚು ಮಾಡಿದ್ದೇವೆ. ಮಗುವಿನ ಹೆಸರಿಗೂ ತಾರೀಕಿಗೂ ಜಾಗ ಖಾಲಿ ಬಿಟ್ಟಿದೆ. ಫ್ರೀಮಾಂಟಿನ ಆ ತಾಯಿಗೆ ಒಂದು ಪ್ರತಿಯನ್ನು ನಾನೇ ಒಯ್ದು ಕೊಟ್ಟಿದ್ದೇನೆ.