ಪ್ರಯೋಗ ಇಲಿಯ ಮೇಲೋ, ಮನುಷ್ಯರ ಮೇಲೋ? ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಗಡ್ಡೆಗೆ ನೇರವಾಗಿ ಔಷಧ ಮುಟ್ಟಿಸುವ 'ಸ್ಮಾರ್ಟ್ ಪಾಲಿಮರ್' (ಸುತ್ತಲಿನ ಹುಳಿ, ಬಿಸಿಗೆ ತಕ್ಕಂತೆ ಬದಲಾಗುವ, ಸರಪಳಿಯಂಥ ಉದ್ದ ಅಣು) ನ್ಯಾನೊ ಕಣಗಳ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆದರೆ ಪ್ರಯೋಗ ನಡೆದದ್ದು ಇಲಿಗಳ ಮೇಲೆ ಅನ್ನುವುದು ಎಷ್ಟೋ ಸಲ ಕೊನೆಯ ಸಾಲಿನಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೀಮೊ ನಡೆಯುತ್ತಿರುವ ಮನೆಯವರು ಆ ಕಟಿಂಗ್ ಹಿಡಿದು ಡಾಕ್ಟರ ಹತ್ತಿರ ಓಡುತ್ತಾರೆ. ಅಕ್ಕನಿಗಾಗಿ ನಾವೂ ಓಡಿದ್ದೆವು. ಆ ಔಷಧ ಇನ್ನೂ ಬಂದಿಲ್ಲ ಎಂದು ಕೇಳಿಸಿಕೊಳ್ಳುವುದು ರೋಗಿಗೆ ಸಣ್ಣ ಪೆಟ್ಟಲ್ಲ.

ಈ ವಿಜ್ಞಾನದ ಮೇಲೆ ನನಗೆ ತುಂಬ ಗೌರವವಿದೆ. ಹುಳಿಯ ಅಳತೆಯಾದ ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು. ರಕ್ತದ ಪಿಎಚ್ ಸುಮಾರು 7.4. ಗಡ್ಡೆಯ ಸುತ್ತ ಅದು ಸಾಮಾನ್ಯವಾಗಿ 6.5ರಿಂದ 6.9ಕ್ಕೆ ಇಳಿದಿರುತ್ತದೆ, ಅಂದರೆ ತುಸು ಹುಳಿ. ಆ ಹುಳಿ ತಾಗಿದರೆ ಬಿಚ್ಚಿಕೊಂಡು ಔಷಧ ಬಿಡುವ ಪಾಲಿಮರ್‌ಗಳಿವೆ. ಬಿಸಿ ತಾಗಿದರೆ ನೀರು ಬಿಟ್ಟು ಮುದುಡುವವೂ ಇವೆ.

ಕಷ್ಟ ಇರುವುದು ಗಡ್ಡೆಯವರೆಗೆ ತಲುಪುವುದರಲ್ಲಿ. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಹಾಗಾಗಿ ದೊಡ್ಡ ಅಣುಗಳು ಅಲ್ಲಿ ನುಗ್ಗಿ ಉಳಿಯುತ್ತವೆ ಎಂದು ಜಪಾನಿನ ವಿಜ್ಞಾನಿಗಳಾದ ಮತ್ಸುಮುರಾ ಮತ್ತು ಮಯೆದಾ 1986ರಲ್ಲಿ ತೋರಿಸಿದರು. ಈ ಕ್ಷೇತ್ರದ ದೊಡ್ಡ ಆಸರೆಯೇ ಅದು. ಆದರೆ ಪ್ರಯೋಗಾಲಯದ ಇಲಿಯ ಗಡ್ಡೆ ಕೆಲವೇ ವಾರಗಳಲ್ಲಿ ಬೆಳೆದದ್ದು. ನಮ್ಮ ಮೈಯಲ್ಲಿ ವರ್ಷಗಟ್ಟಲೆ ಬೆಳೆದ ಗಡ್ಡೆ ಅಷ್ಟು ಸೋರುತ್ತದೆ ಎನ್ನುವಂತಿಲ್ಲ. ಒಬ್ಬರದ್ದು ಇನ್ನೊಬ್ಬರದ್ದರಂತೆ ಇರುವುದೂ ಇಲ್ಲ. ಜೊತೆಗೆ ದಾರಿಯಲ್ಲೇ ಲಿವರ್ ಮತ್ತು ಗುಲ್ಮ ಬಹಳಷ್ಟು ಕಣಗಳನ್ನು ಹಿಡಿದುಬಿಡುತ್ತವೆ. ಟೊರೊಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಮಾಡಿ 2016ರಲ್ಲಿ ಲೆಕ್ಕ ಕೊಟ್ಟಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ಸೇರಿದ್ದು ಶೇ 0.7ರಷ್ಟು. ಅದೂ ಹೆಚ್ಚಾಗಿ ಇಲಿಗಳಲ್ಲೇ!

ಹಾಗಂತ ಕೈಗೆ ಏನೂ ಬಂದಿಲ್ಲ ಅಂತಲ್ಲ. ಡಾಕ್ಸೊರುಬಿಸಿನ್ ಎಂಬ ಕೆಂಪು ಕೀಮೊ ಔಷಧ ಹೃದಯಕ್ಕೆ ಕೆಟ್ಟದ್ದು. ಅದನ್ನು ಕೊಬ್ಬಿನ ಸಣ್ಣ ಗುಳ್ಳೆಯಲ್ಲಿಟ್ಟು ಮೇಲೆ ಪಾಲಿಮರ್ ಹೊದಿಸಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು. ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೊ ಔಷಧ ನೀರಿನಲ್ಲಿ ಕರಗುವುದಿಲ್ಲ. ಹರಳೆಣ್ಣೆಯಿಂದ ಮಾಡಿದ ದ್ರಾವಕದಲ್ಲಿ ಕರಗಿಸಿ ಕೊಡುತ್ತಾರೆ, ಅದಕ್ಕೆ ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ. ಆ ದ್ರಾವಕವೇ ಬೇಡದಂತೆ ಪಾಲಿಮರ್ ಕಣದೊಳಗೆ ಔಷಧ ತುಂಬಿದ ಜೆನೆಕ್ಸಾಲ್-ಪಿಎಂ ದಕ್ಷಿಣ ಕೊರಿಯಾದಲ್ಲಿ, ನ್ಯಾನೊಕ್ಸೆಲ್ ನಮ್ಮ ದೇಶದಲ್ಲಿ ಬಂದವು. ಈವರೆಗಿನ ದೊಡ್ಡ ಲಾಭ ಉಳಿದ ಮೈಗೆ ಆಗುವ ತೊಂದರೆ ತಗ್ಗಿದ್ದು. ಕೀಮೊ ಸಂಕಟ ಕಂಡವರಿಗೆ ಅದರ ಬೆಲೆ ಗೊತ್ತು. ಅದೇ ದೊಡ್ಡ ಸುದ್ದಿ ಅಲ್ವಾ? ಅದನ್ನು ಯಾಕೆ ಬರೆಯುವುದಿಲ್ಲ?

ಹಾಗಾಗಿ ನನ್ನ ವಿನಂತಿ ಇಷ್ಟು. ಇಂಥ ಸುದ್ದಿ ಹಾಕುವಾಗ ಪ್ರಯೋಗ ಯಾರ ಮೇಲೆ ನಡೆಯಿತು, ಯಾವ ಹಂತದಲ್ಲಿದೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಕೊಡಿ. ಸಾಧ್ಯವಾದರೆ ತಲೆಬರಹದಲ್ಲೇ 'ಇಲಿಗಳಲ್ಲಿ' ಎಂದು ಸೇರಿಸಿ. ಈಗಾಗಲೇ ಸಿಗುವ ನ್ಯಾನೊ ಔಷಧಗಳ ಬಗ್ಗೆ ನಮ್ಮ ಕ್ಯಾನ್ಸರ್ ತಜ್ಞರಿಂದ ಬರೆಸಿ. ಯಾವ ಕ್ಯಾನ್ಸರ್‌ಗೆ ಕೊಡುತ್ತಾರೆ, ಖರ್ಚು ಎಷ್ಟು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್‌ನಲ್ಲಿ ಸಿಗುತ್ತದೆಯೇ ಎಂಬುದು ಜಿಲ್ಲೆಗಳಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತುವ ಕುಟುಂಬಗಳಿಗೆ ಮೊದಲು ಬೇಕಾದ ಮಾಹಿತಿ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ