ಬದು ಒತ್ತಿದರೆ ದಂಡ

"ಇಂಗ್ಲೆಂಡಲ್ಲೂ ಬದು ಜಗಳ ಇರತ್ತಾ ಮಿಸ್?" ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ 'ಬದು' ಎಂಬ ಪದ ಹೊಸದಾಗಿ ಕಲಿತ ಹುಡುಗಿಯೊಬ್ಬಳ ಪ್ರಶ್ನೆ. ಟೀಚರಮ್ಮ ಅದನ್ನು ಈ ಪತ್ರಿಕೆಯ ಸಂಪಾದಕರ ತಲೆಗೆ ಕಟ್ಟಿ ಮನೆಗೆ ಹೋದರು. ಇರುತ್ತದೆ ಪುಟ್ಟಿ. ಅದನ್ನು ಬಗೆಹರಿಸಲು ಒಂದು ಹಳ್ಳಿಯಲ್ಲಿ ಕೋರ್ಟೇ ಇದೆ. ಅದರ ಪಂಚರು ಈ ತಿಂಗಳ ಕೊನೆಗೆ ಹೊಲಕ್ಕೆ ಇಳಿಯುತ್ತಾರೆ.

ಹಳ್ಳಿಯ ಹೆಸರು ಲ್ಯಾಕ್ಸ್‌ಟನ್, ನಾಟಿಂಗ್‌ಹ್ಯಾಮ್‌ಶೈರಿನದು. 1086ರ ಜಮೀನು ಲೆಕ್ಕದ ಡೂಮ್ಸ್‌ಡೇ ದಫ್ತರದಲ್ಲೇ ಹೆಸರು ಬಂದಿರುವ ಊರು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆ ಬಯಲಿಗೆ ಬೇಲಿ ಹಾಕಿಸಿತು. ಲ್ಯಾಕ್ಸ್‌ಟನ್ನಿನ ಮೂರು ದೊಡ್ಡ ಬಯಲುಗಳು ಮಾತ್ರ ಬಯಲಾಗಿಯೇ ಉಳಿದವು: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಬ್ಬೊಬ್ಬ ರೈತನ ಹೊಲವೂ ಪಟ್ಟಿಪಟ್ಟಿಯಾಗಿ ಮೂರರಲ್ಲೂ ಹಂಚಿಹೋಗಿದೆ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ, ಮೂರನೆಯದು ಬೀಳು. ಈಗೀಗ ಬೀಳು ಎಂದರೆ ಹೆಚ್ಚಾಗಿ ಹುಲ್ಲು. ಮರುವರ್ಷ ಸರದಿ ಬದಲು.

ಬೇಲಿ ಇಲ್ಲದ ಕಡೆ ಏನಾಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕೆ? ನೇಗಿಲು ವರ್ಷಕ್ಕೊಂದು ಗೇಣು ಸರಿಯುತ್ತದೆ. ಅಲ್ಲಿ ಪಟ್ಟಿಗಳ ಅಂಚಿನಲ್ಲಿ 'ಸೈಕ್' ಎಂಬ ಹುಲ್ಲುಗಾವಲುಗಳಿವೆ. ಜೌಗು ಅಥವಾ ಕಡಿದಾದ ಇಳಿಜಾರು, ಆದ್ದರಿಂದ ಯಾರೂ ಉಳುವಂತಿಲ್ಲ. ಅಲ್ಲಿಯ ಹುಲ್ಲು ಬೇಸಿಗೆಯಲ್ಲಿ ಹರಾಜಾಗುತ್ತದೆ. ಟ್ರ್ಯಾಕ್ಟರ್ ತಿರುಗಿಸುವಾಗ ಆ ಹುಲ್ಲಿಗೋ ದಾರಿಗೋ ಎರಡು ಸಾಲು ನುಗ್ಗಿಸಿಬಿಟ್ಟರೆ, ನಮ್ಮಲ್ಲಿ ಗೋಮಾಳ ಕರಗಿದ ಹಾಗೆಯೇ, ಹತ್ತು ವರ್ಷಕ್ಕೆ ಸೈಕೇ ಮಾಯ.

ಅದಕ್ಕೇ ನವೆಂಬರ್ ಕೊನೆಯ ಗುರುವಾರ ಜ್ಯೂರಿ, ಅಂದರೆ ಪಂಚರ ದಿನ. ಹನ್ನೆರಡು ಜನ ರೈತರು, ಅವರಿಗೊಬ್ಬ ಮುಂದಾಳು. ಮೂರೂ ಬಯಲು ಸುತ್ತುವುದಿಲ್ಲ, ಗೋಧಿ ಬಿತ್ತಿದ್ದನ್ನು ಮಾತ್ರ. ಆಗಷ್ಟೇ ಉತ್ತ ನೆಲದಲ್ಲಿ ಸಾಲು ಎಲ್ಲಿ ನಿಂತಿದೆ ಎಂದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪೈರೆದ್ದ ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಮೂರು ವರ್ಷಕ್ಕೆ ಮೂರೂ ಬಯಲು ಮುಗಿದಂತೆ. ಗಡಿ ತಪ್ಪಿದ ಕಡೆ ಮರದ ಗೂಟ ಬಡಿದು, ತಪ್ಪು ಬರೆದುಕೊಂಡು, ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಊಟ. ಮುಂದಿನ ಗುರುವಾರ ಅದೇ ಪಬ್ಬಿನಲ್ಲಿ ಕೋರ್ಟ್ ಲೀಟ್, ಅಂದರೆ ಊರಿನ ಆ ಹಳೇ ಕೋರ್ಟು, ಕೂರುತ್ತದೆ. ಜಮೀನು ಒಡೆಯರ ಪ್ರತಿನಿಧಿಯಾದ ಸ್ಟೂವರ್ಡ್ ಅಧ್ಯಕ್ಷ. ದಂಡ ವಿಧಿಸಿ, ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣವಚನ. ದಂಡ ಚಿಲ್ಲರೆ ಕಾಸು, ಊರವರ ಮುಂದೆ ತಪ್ಪಿತಸ್ಥ ಅನ್ನಿಸಿಕೊಳ್ಳುವುದೇ ಭಾರ. 1977ರ ಕಾಯ್ದೆ ದೇಶದ ಉಳಿದ ಕೋರ್ಟ್ ಲೀಟ್‌ಗಳ ಅಧಿಕಾರ ಕಿತ್ತುಕೊಂಡರೂ ಲ್ಯಾಕ್ಸ್‌ಟನ್ನಿನದನ್ನು ಮುಟ್ಟಲಿಲ್ಲ.

1635ರಲ್ಲಿ ಮಾರ್ಕ್ ಪಿಯರ್ಸ್ ಪಟ್ಟಿಪಟ್ಟಿಯನ್ನೂ ಬರೆದ ನಕ್ಷೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಜಮೀನಿನ ಒಡೆತನ 1952ರಲ್ಲಿ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿಗೆ ಹೋಯಿತು. ಗೂಟ ಬಡಿಯುವವರು ಮಾತ್ರ ಊರಿನವರೇ.

ಹೊಲದಾಚೆಯ ಊರ ಕೆಲಸ ಈ ಕೋರ್ಟಿನದಲ್ಲ. ಅದಕ್ಕೆ ಲ್ಯಾಕ್ಸ್‌ಟನ್ ಮತ್ತು ಮೂರ್‌ಹೌಸ್ ಪ್ಯಾರಿಷ್ ಕೌನ್ಸಿಲ್ ಇದೆ, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. 1894ರ ಕಾಯ್ದೆಗೆ ಮೊದಲು ಚರ್ಚಿನ ಸಭೆಯಾದ ವೆಸ್ಟ್ರಿಯೇ ಬಡವರ ಲೆಕ್ಕ, ರಸ್ತೆ ಲೆಕ್ಕ ನೋಡುತ್ತಿತ್ತು. ಈಗ ಕನಿಷ್ಠ ಐವರು ಸದಸ್ಯರು, ನಾಲ್ಕು ವರ್ಷದ ಅವಧಿ, ಸಂಬಳವಿಲ್ಲ. ಕಡತ ಹಿಡಿಯುವುದು ಕ್ಲರ್ಕ್, ನಮ್ಮ ಪಿಡಿಒ ಇದ್ದ ಹಾಗೆ. ದುಡ್ಡು ಬರುವುದು 'ಪ್ರಿಸೆಪ್ಟ್'ನಿಂದ, ಅಂದರೆ ಮನೆ ತೆರಿಗೆಯಲ್ಲಿ ಪ್ಯಾರಿಷಿನ ಪಾಲಿನಿಂದ. ನಿಮ್ಮ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ತೆಗೆದು ನೋಡಿ, ಹಳ್ಳಿಯಲ್ಲಿರುವವರಿಗೆ ಅದು ಬೇರೆ ಸಾಲಿನಲ್ಲಿರುತ್ತದೆ. ರಸ್ತೆ ಗುಂಡಿ ಕೌಂಟಿ ಕೌನ್ಸಿಲಿನದು, ಕಸದ ಡಬ್ಬಿ ಡಿಸ್ಟ್ರಿಕ್ಟ್ ಕೌನ್ಸಿಲಿನದು. ಅದಕ್ಕೆ ಪ್ಯಾರಿಷ್ ಕ್ಲರ್ಕನ್ನು ಬೈದು ಫಲವಿಲ್ಲ. ಮಾರ್ಚ್ 1ರಿಂದ ಜೂನ್ 1ರೊಳಗೆ ನಡೆಯುವ ವಾರ್ಷಿಕ ಪ್ಯಾರಿಷ್ ಮೀಟಿಂಗ್ ಥೇಟ್ ಗ್ರಾಮಸಭೆ. ಊರಿನ ಯಾವ ಮತದಾರರೂ ಎದ್ದು ಮಾತಾಡಬಹುದು.

ಕೌನ್ಸಿಲುಗಳು ಎಡವುವುದು ಹೆಚ್ಚಾಗಿ ನೋಟಿಸಿನಲ್ಲಿ. ಸಭೆಗೆ ಮೂರು ಪೂರ್ತಿ ದಿನ ಮೊದಲು ಬೋರ್ಡಿಗೆ ಅಂಟಿಸಬೇಕು. ಅಂಟಿಸಿದ ದಿನ, ಸಭೆಯ ದಿನ, ಭಾನುವಾರ, ಬ್ಯಾಂಕ್ ರಜೆ ಲೆಕ್ಕಕ್ಕಿಲ್ಲ. ಮಂಗಳವಾರದ ಸಭೆಗೆ ಹಿಂದಿನ ಗುರುವಾರವೇ ಅಂಟಿಸಿರಬೇಕು. ಶುಕ್ರವಾರ ಅಂಟಿಸಿದರೆ ಅಂದಿನ ತೀರ್ಮಾನವನ್ನೇ ಯಾರಾದರೂ ಪ್ರಶ್ನಿಸಬಹುದು.

ಇನ್ನು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಗಮನಿಸಿ. ನಾವು ಕಾಮನ್‌ವೆಲ್ತ್ ಪ್ರಜೆಗಳು. ಇಲ್ಲಿರಲು ವೀಸಾ ಇದ್ದರೆ ಮತದಾರರ ಪಟ್ಟಿಗೆ ಸೇರಬಹುದು. ಖಾಯಂ ವಾಸದ ಅನುಮತಿ, ಅಂದರೆ ಐಎಲ್‌ಆರ್ ಇದ್ದು 18 ತುಂಬಿದ್ದರೆ ಪ್ಯಾರಿಷ್ ಕೌನ್ಸಿಲಿಗೆ ಸ್ಪರ್ಧಿಸಬಹುದು. ಊರಿನ ಮತದಾರರಾಗಿರಬೇಕು, ಇಲ್ಲವೇ ಹಿಂದಿನ 12 ತಿಂಗಳು ಊರಲ್ಲೋ ಅದರ ಮೂರು ಮೈಲಿಯೊಳಗೋ ವಾಸವಿರಬೇಕು, ಅದೂ ಇಲ್ಲದಿದ್ದರೆ ಅಷ್ಟೂ ತಿಂಗಳು ಊರಲ್ಲಿ ಜಮೀನೋ ಮುಖ್ಯ ಕೆಲಸವೋ ಇರಬೇಕು. ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕು, ಠೇವಣಿ ಇಲ್ಲ. ನಡುವೆ ಸೀಟು ಖಾಲಿಯಾದರೆ ಇನ್ನೂ ಸಲೀಸು. ನೋಟಿಸು ಬಿದ್ದ 14 ಕೆಲಸದ ದಿನದೊಳಗೆ ಹತ್ತು ಮತದಾರರು ಚುನಾವಣೆ ಕೇಳದಿದ್ದರೆ ಕೌನ್ಸಿಲೇ ಒಬ್ಬರನ್ನು ಸೇರಿಸಿಕೊಳ್ಳುತ್ತದೆ. ಆಸಕ್ತಿಯಿದ್ದರೆ ಕ್ಲರ್ಕಿಗೆ ಒಂದು ಪತ್ರ ಹಾಕಿ. ಆದರೆ ಹೆಸರು ಕೊಟ್ಟು ಮಲಗುವಂತಿಲ್ಲ, ಒಪ್ಪಿಗೆ ಪಡೆಯದೆ ಆರು ತಿಂಗಳು ಸಭೆ ತಪ್ಪಿಸಿದರೆ ಸೀಟು ಹೋಗುತ್ತದೆ. (ನಮ್ಮ ಕಾರ್ಯಕಾರಿ ಸಮಿತಿಗೆ ಈ ನಿಯಮ ಬಂದರೆ ಎಷ್ಟು ಜನ ಉಳಿದಾರು?)

ಪುಟ ಮುಗಿಯುತ್ತಿದೆ, ಪ್ರಕಟಣೆಗಳು ಬೇಗಬೇಗ: ರಾಜ್ಯೋತ್ಸವ ಮೂರನೇ ಶನಿವಾರ ಮಧ್ಯಾಹ್ನ 3ಕ್ಕೆ. ಹಾಲ್ ಕೈಗೆ ಸಿಗುವುದು 2ಕ್ಕೆ, 8ಕ್ಕೆ ಗುಡಿಸಿ ಬೀಗ ಕೊಡಬೇಕು. ಬಿಸಿಬೇಳೆಬಾತಿಗೆ ತಲೆಲೆಕ್ಕ ಬುಧವಾರದೊಳಗೆ ಬೇಕು, ಕಳೆದ ಸಲ ಹೇಳದೆ ಬಂದವರಿಂದ ಮೊಸರನ್ನವೂ ಸಾಲಲಿಲ್ಲ. ಮಕ್ಕಳ ವೇಷಭೂಷಣಕ್ಕೆ ಹೆಸರು ಟೀಚರಮ್ಮನ ಹತ್ತಿರ. ಆ ವಾರ ಭಾನುವಾರದ ತರಗತಿ ಇಲ್ಲ. ಚಂದಾ ಬಾಕಿ ಇರುವವರು ದಯವಿಟ್ಟು ಖಜಾಂಚಿಯವರ ಫೋನ್ ಎತ್ತಿ.

ಸಮಿತಿಯಲ್ಲಿ ಎರಡು ಸೀಟು ಯುಗಾದಿಯಿಂದ ಖಾಲಿ. ಈ ಪತ್ರಿಕೆಯ ಪುಟ ಕಟ್ಟುತ್ತಿದ್ದವರು ಡಿಸೆಂಬರಿನಲ್ಲಿ ಮೈಸೂರಿಗೆ ಹಿಂತಿರುಗುತ್ತಿದ್ದಾರೆ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಬೇಕು, ಕನ್ನಡ ಟೈಪಿಂಗ್ ಬಂದರೆ ಸಾಕು. ಒತ್ತಕ್ಷರ ತಪ್ಪಿದರೂ ದಂಡ ಹಾಕುವುದಿಲ್ಲ.