ಮಗಳಿಗೊಂದು ಪತ್ರ: ಲುಂಗಿ ಉಟ್ಟ ಕರಡಿ

ಪುಟ್ಟಿ,

ಹೋದ ವಾರ ನೀನು ಬರೋಡಾದಿಂದ ವಾಟ್ಸಾಪಲ್ಲಿ ಕಳಿಸಿದ ಚಿತ್ರ ನೋಡಿ "ಇದೆಂಥ ಅಪಶಕುನ ಮಾರಾಯ್ತಿ, ಒಂದು ಹೂವೋ ಹಕ್ಕಿಯೋ ಬರೆಯಬಾರದಾ" ಅಂದೆನಲ್ಲ, ಆಮೇಲೆ ನೀನು ಎರಡು ದಿನ ಫೋನ್ ಎತ್ತಲಿಲ್ಲ. ತಪ್ಪು ನನ್ನದೇ. ಗಲ್ಲಾದಲ್ಲಿ ಕೂತಿದ್ದೆ, ಮಧ್ಯಾಹ್ನದ ಊಟದ ರಶ್ಶು, ಚಿಲ್ಲರೆ ಎಣಿಸುತ್ತಾ ಒಂದು ಕಣ್ಣಲ್ಲಿ ನೋಡಿದ್ದು. ರಾತ್ರಿ ಶಟರ್ ಎಳೆದ ಮೇಲೆ ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ.

ಎರಡು ಜಡೆಯ ಸಣ್ಣ ಹುಡುಗಿ, ಬೆನ್ನಿಗೆ ಶಾಲೆ ಚೀಲ. ಅವಳ ಕೈ ಹಿಡಿದು ನಡೆಸುತ್ತಿರುವುದು ಒಂದು ಕರಡಿ. ಕರಡಿಗೆ ಲುಂಗಿ, ಅದೂ ಮೊಣಕಾಲಿಗೆ ಎತ್ತಿ ಕಟ್ಟಿದ್ದು. ಸುತ್ತ ರಸ್ತೆಯಿಲ್ಲ, ಮನೆಯಿಲ್ಲ, ಬರೀ ಬಿಳಿ ಕಾಗದ. ಕರಡಿಯ ಬಾಯಿ ಹತ್ತಿರ ಕೆಂಪು. ಹುಡುಗಿಯ ಇನ್ನೊಂದು ಕಡೆ ಖಾಲಿ ತೋಳು ಜೋತಾಡುತ್ತಿದೆ, ಆದರೂ ನಗುತ್ತಿದ್ದಾಳೆ. ಆ ಕೆಂಪು ರಕ್ತವಾ, ಕೆಂಪು ಚಟ್ನಿಯಾ ಅಂತ ಯೋಚಿಸುವಾಗ ಕರಡಿಯ ಕಿವಿ ಕಾಣಿಸಿತು. ಕಿವಿಗೆ ಸಿಕ್ಕಿಸಿದ ಬಾಲ್‌ಪೆನ್ನು. ಅಂಥ ಕರಡಿ ನಮ್ಮ ಮನೆಯಲ್ಲಿ ಒಂದೇ, ಅಲ್ವಾ?

ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ನೀನು ಹೇಳಿದ ಚಿತ್ರಕಾರ ಮಾರ್ಸೆಲ್ ಜಾಮಾ ಅವರನ್ನೂ ಹುಡುಕಿ ನೋಡಿದೆ. 1974ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಹುಟ್ಟಿದವರು. ಅವರದ್ದೂ ಕರಡಿ, ಬಾವಲಿ, ಮರದ ಮೈಯ ಮನುಷ್ಯರು, ಸುತ್ತ ಖಾಲಿ ಕಾಗದ. ಬಂದೂಕು ಹಿಡಿದ ಹುಡುಗಿಯರು ಬೇರೆ, ಅದು ನನಗೆ ಇಷ್ಟವಾಗಲಿಲ್ಲ, ಹೇಳಿಬಿಡುತ್ತೇನೆ. ನನಗೆ ಚಿತ್ರ ಅಂದರೆ ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿ ಹೆಬ್ಬಾರರು. ಅವರ ಗೆರೆ ಕುಣಿಯುತ್ತದೆ, ಈ ಜಾಮಾ ಗೆರೆ ಕಳ್ಳಹೆಜ್ಜೆ ಇಟ್ಟು ಬರುತ್ತದೆ. ಆದರೆ ಎರಡು ಸಂಗತಿ ಓದಿ ಸುಮ್ನೆ ಕೂತುಬಿಟ್ಟೆ. ಮನೆಗೆ ಬೆಂಕಿ ಬಿದ್ದು ಬರೆದದ್ದೆಲ್ಲ ಹೋದಾಗ ಅವರು ಹೋಟೆಲಲ್ಲಿ ಉಳಿದುಕೊಂಡು, ತಂಗುವ ಹೋಟೆಲು ಮತ್ತೆ, ನಮ್ಮ ಇಡ್ಲಿ-ವಡೆಯದ್ದಲ್ಲ, ಅಲ್ಲಿನ ಕಾಗದದ ಮೇಲೆಯೇ ಬರೆದರಂತೆ. ಮತ್ತೆ ಅವರ ಚಿತ್ರಗಳ ಕಂದು ಬಣ್ಣ ರೂಟ್ ಬಿಯರ್‌ದಂತೆ. ಹೆಸರು ಬಿಯರ್, ಕುಡಿಯುವವರು ಮಕ್ಕಳು, ಒಂಥರಾ ಸಿಹಿ ಸೋಡಾ.

ನೀನೂ ಆರು ವರ್ಷದವಳಿದ್ದಾಗ ಮುಂಬೈ ಕುರ್ಲಾದ ನಮ್ಮ ಹೋಟೆಲಿನ ಮೂಲೆ ಟೇಬಲ್ಲಲ್ಲಿ ಕೂತು, ಬಿಲ್ ಬುಕ್ಕಿನ ಹಿಂಬದಿಗೆ, ಡಿಕಾಕ್ಷನ್ನಿನಲ್ಲಿ ಬೆರಳದ್ದಿ ಬರೆಯುತ್ತಿದ್ದೆ. ಒಣಗಿದರೆ ನಡುವೆ ತೆಳು ಕಂದು, ಅಂಚಿನಲ್ಲಿ ಮಾತ್ರ ಒಂದು ಕಪ್ಪು ಗೆರೆ. ಆ ಗೆರೆಯನ್ನೇ ಎಳೆದು ಬಾಲ ಮಾಡುತ್ತಿದ್ದೆ, ಕೋರೆಹಲ್ಲು ಮಾಡುತ್ತಿದ್ದೆ. ಕೋರೆಹಲ್ಲು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಳೆಗಾಲದಲ್ಲಿ ಊರಿಂದ ಯಕ್ಷಗಾನ ಮೇಳ ಮುಂಬೈಗೆ ಬಂದಾಗ, ಬಣ್ಣದ ವೇಷ ಕಂಡು ಅಮ್ಮನ ಸೆರಗಲ್ಲಿ ಅಡಗಿದವಳನ್ನು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿದ್ದೆ. ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಮುಖದ ತುಂಬಾ, ಅದು ಉದುರದ ಹಾಗೆ ಲೋಟ ಓರೆ ಮಾಡಿ ರಾಕ್ಷಸ ಚಹಾ ಕುಡಿಯುತ್ತಿದ್ದ. "ಅಪ್ಪಾ, ಅವನಿಗೆ ಬಿಸ್ಕತ್ತು ಕೊಡು" ಅಂದೆ ನೀನು. ಅಂಥವಳಿಗೆ ನಾನು ಹೂವು ಬರಿ ಅಂದೆ ನೋಡು.

ಈಗ ಒಂದು ಮಾತು ಹೇಳಬೇಕು. ಆ ಬಿಲ್ ಬುಕ್ಕುಗಳು 2005ರ ಜುಲೈ 26ರ ನೀರಲ್ಲಿ ಹೋದವು ಅಂತ ಹೇಳಿದ್ದೆನಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ, ಹೇಳಿದ್ದನ್ನು ಯಾರು ನಂಬುವುದಿಲ್ಲ? ಹೋಟೆಲಿಗೆ ಸೊಂಟದ ತನಕ ನೀರು ಬಂದಿದ್ದೂ ನಿಜ. ಆದರೆ ನಿನ್ನ ಬುಕ್ಕುಗಳು ಅಟ್ಟದ ಮೇಲಿದ್ದವು, ಒದ್ದೆಯೇ ಆಗಿರಲಿಲ್ಲ. ಅಕ್ಕಿ ಮೂಟೆಗಳೆಲ್ಲ ಹಾಳಾಗಿ ನಾತ ಹೊಡೆಯುತ್ತಿದ್ದವು, ಸಾಲದವರ ಮುಖ ಕಣ್ಣ ಮುಂದೆ, ತಲೆ ಕೆಟ್ಟು ಕೈಗೆ ಸಿಕ್ಕಿದ ಕಾಗದವನ್ನೆಲ್ಲ ರದ್ದಿಯವನಿಗೆ ಹಾಕಿಬಿಟ್ಟೆ. ನೀನು ಅತ್ತಾಗ ಮಳೆಯ ಮೇಲೆ ಹೇಳಿದೆ. ನಿನಗೆ ಮೊದಲೇ ಗೊತ್ತಿತ್ತಾ? ಆ ಖಾಲಿ ತೋಳು ನೋಡಿದ ಮೇಲೆ ನನಗೆ ಸಂಶಯ.

ಈಗ ಎಲ್ಲ ಮಿಷಿನ್ ಬಿಲ್ಲು. ಹುಡುಕಿದಾಗ ಹಳೇ ಬುಕ್ಕು ಎರಡು ಸಿಕ್ಕವು, ಹಿಂಬದಿ ಖಾಲಿ ಇದೆ. ಈ ಪತ್ರದ ಜೊತೆಗೇ ಕುರಿಯರ್ ಮಾಡುತ್ತಿದ್ದೇನೆ. ಅರ್ಧ ಕಿಲೊ ಕಾಫಿಪುಡಿಯೂ ಇದೆ, ಎಲ್ಲ ಚಿತ್ರಕ್ಕೆ ಸುರಿಯಬೇಡ, ಸ್ವಲ್ಪ ಕುಡಿ.

ಕರಡಿಯ ಪ್ರಿಂಟ್ ತೆಗೆಸಿ ಗಲ್ಲಾದ ಹಿಂದೆ ಹಾಕಿದ್ದೇನೆ. ಅಮ್ಮನಿಗೆ ಇನ್ನೂ ಸಿಟ್ಟು, ದೇವರ ಫೋಟೊದ ಹತ್ತಿರ ಇದೆಂಥದ್ದು ಅಂತ. ನಿನ್ನೆ ದಿನಾ ಬರುವ ಗಿರಾಕಿಯೊಬ್ಬರು ದುಡ್ಡು ಕೊಡುವಾಗ ಅದನ್ನೇ ದಿಟ್ಟಿಸಿ "ಹೇ ಅಸ್ವಲ್ ಕೋಣ್?" ಅಂತ ಮರಾಠಿಯಲ್ಲಿ ಕೇಳಿದರು, ಈ ಕರಡಿ ಯಾರು ಅಂತ. ನಾನು ಮೆಲ್ಲಗೆ ಕಿವಿಯ ಪೆನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

ಫೋನ್ ಎತ್ತು.

ನಿನ್ನ ಅಪ್ಪ